ಭಾವ ಕೇಳಿಸಿಕೊಂಡ ಪ್ರಶ್ನೆ

ಆ ಸೋಮವಾರ ಬೆಳಿಗ್ಗೆ ಬಲಗಾಲಿನ ಹೆಬ್ಬೆರಳು ಬದನೆಕಾಯಿಯಂತೆ ಊದಿತ್ತು. ಹೊದಿಕೆ ತಾಗಿದರೂ ಜೀವ ಹೋಗುವಷ್ಟು ನೋವು.

ನಾನು ಕೊಳ್ಳೇಗಾಲದ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಸೋಮವಾರ ರಜೆ, ಅವತ್ತು ಮಾಂಬಳ್ಳಿಯ ಅಕ್ಕನ ಮನೆಯಲ್ಲಿ ಊಟ. ವಾರದಲ್ಲಿ ನಾನು ಯಾರ ಜೊತೆಗಾದರೂ ಕೂತು ಉಣ್ಣುವುದು ಅದೊಂದೇ ದಿನ.

ಫೋನು ಮಾಡಿದೆ. ಭಾವ ಬೈಕಿನಲ್ಲಿ ಬಂದು ಆಸ್ಪತ್ರೆಗೆ ಕರೆದೊಯ್ದರು. ರಿಪೋರ್ಟ್ ನೋಡಿದ ಡಾಕ್ಟರು, "ಯೂರಿಕ್ ಆಸಿಡ್ ಒಂಬತ್ತು ದಾಟಿದೆ. ಇದು ಗೌಟ್. ನಾನ್‌ವೆಜ್ ಜಾಸ್ತಿ ತಿಂತೀರಾ? ಡ್ರಿಂಕ್ಸ್?" ಅಂದರು.

ಭಾವ ನನ್ನ ಕೊರಳಿನ ಲಿಂಗದ ಕರಡಿಗೆ ನೋಡಿದರು. ಎದ್ದು ಹೊರಗೆ ಹೋದರು.

"ಎರಡೂ ಮುಟ್ಟಲ್ಲ ಸಾ," ಅಂದೆ.

"ಕೂಲ್ ಡ್ರಿಂಕ್ಸ್?"

"ದಿನಕ್ಕೆ ಎರಡು ಬಾಟ್ಲಿ."

ಆ ಸಕ್ಕರೆಯಿಂದಲೂ ಯೂರಿಕ್ ಆಸಿಡ್ ಏರುತ್ತದಂತೆ. ಹೊಟ್ಟೆ ಬಂದಿದೆ, ಬಿಪಿ ಇದೆ, ಶುಗರ್ ಬಾರ್ಡರ್‌ನಲ್ಲಿದೆ. ಹೀಗೇ ಬಿಟ್ಟರೆ ಕಿಡ್ನಿಗೂ ಹಾರ್ಟ್‌ಗೂ ತೊಂದರೆ ಎಂದು ಡಾಕ್ಟರು ಬಿಡಿಸಿ ಹೇಳಿದರು.

ಭಾವ ಪ್ರಶ್ನೆಯನ್ನಷ್ಟೇ ಊರಿಗೆ ಹೊತ್ತುಕೊಂಡು ಹೋಗಿದ್ದರು.

ಮುಂದಿನ ವಾರ ಅಕ್ಕನ ಫೋನು. "ಈ ಸೋಮಾರ ಬರಬ್ಯಾಡ ಕಣಪ್ಪ. ನಿಮ್ ಭಾವಂಗೆ ಮನಸ್ ಸರಿ ಇಲ್ಲ." ಭಾವನಿಗೇ ಫೋನು ಮಾಡಿ, ಮಾಂಸ, ಹೆಂಡ ಎರಡೂ ಮುಟ್ಟಿಲ್ಲ ಎಂದು ಹೇಳಿದೆ. "ಬೆಂಕಿ ಇಲ್ದೆ ಒಗೆ ಆಡ್ತದಾ? ಬುಡು," ಅಂದು ಇಟ್ಟರು.

ಮಾತ್ರೆಯಿಂದ ನೋವು ವಾರದಲ್ಲೇ ಇಳಿಯಿತು. ಸೋಮವಾರಗಳನ್ನು ಕಳೆಯುವುದೇ ಕಷ್ಟವಾಯಿತು. ಪಕ್ಕದ ಮನೆಯ ಕುಕ್ಕರ್ ಕೂಗುವುದನ್ನು ಎಣಿಸುತ್ತಾ ಕೂತಿರುತ್ತಿದ್ದೆ. ಒಂದು ದಿನ ಅಳು ಬಂತು. ನಲವತ್ತೆಂಟರ ಗಂಡಸು ಊಟಕ್ಕೆ ಅತ್ತ ಅಂದರೆ ಯಾರಾದರೂ ನಕ್ಕಾರು. ಊಟ ಮೆಸ್ಸಿನಲ್ಲೂ ಸಿಗುತ್ತದೆ. ಆದರೆ ಅಲ್ಲಿ "ಇನ್ನೊಂಚೂರು ಇಕ್ಕುಸ್ಕೋ" ಎನ್ನುವವರು ಯಾರು?

ಐದನೇ ಸೋಮವಾರ ಅಕ್ಕ ಹೇಳದೆ ಕೇಳದೆ ಬಂದಳು. ನೆಟ್ಟಗೆ ಅಡುಗೆಮನೆಗೆ ಹೋಗಿ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆದು ಮೂಸಿದಳು. ಆಮೇಲೆ ಮೂಲೆಯಲ್ಲಿದ್ದ ಖಾಲಿ ಬಾಟಲಿಗಳ ಮೂಟೆ ಬಿಚ್ಚಿದಳು.

"ಇವೇನ್ಲಾ ಇಷ್ಟೊಂದು?"

"ಕೂಲ್ ಡ್ರಿಂಕ್ಸ್ ಕಣಕ್ಕ. ಒಬ್ನಿಗೇ ಏನ್ ಬೇಯ್ಸದು ಅಂತ, ಬನ್ನು ತಿಂದು ಅದ್ನೇ ಕುಡೀತಿದ್ದೆ. ಈ ಕಾಯ್ಲೆ ಅದ್ರಿಂದ್ಲೂ ಬತ್ತದಂತೆ."

ಅಕ್ಕ ಬಾಟಲಿಯನ್ನೂ ಮೂಸಿದಳು. ನನಗೆ ನಗು ಬಂತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಾಲ್ಕ್ ವರ್ಸದಿಂದ ಇದಾ ನಿನ್ ಊಟ? ಒಂದ್ ಮಾತು ಏಳ್ಬಾರ್ದಾ?"

ಈಗ ಮೂರು ತಿಂಗಳಾಯಿತು. ಯೂರಿಕ್ ಆಸಿಡ್ ಏಳರ ಹತ್ತಿರ ಬಂದಿದೆ. ಮಾತ್ರೆ ನಿಂತಿಲ್ಲ. ಸಂಜೆ ನಡೆಯುತ್ತೇನೆ, ಒಬ್ಬನಿಗೇ ಆದರೂ ಒಲೆ ಹಚ್ಚುತ್ತೇನೆ. ಬೆರಳು ಮತ್ತೆ ಊದಬಹುದು ಎನ್ನುವ ಭಯ ಇದ್ದೇ ಇದೆ.

ಸೋಮವಾರ ಮತ್ತೆ ಮಾಂಬಳ್ಳಿಗೆ ಹೋಗುತ್ತೇನೆ. ಆ ವಿಷಯವನ್ನು ಭಾವ ಇವತ್ತಿನವರೆಗೂ ಎತ್ತಿಲ್ಲ. ಅಕ್ಕ ಬಂದುಹೋದ ಮೇಲೆ ನಾನು ಮೊದಲ ಸಲ ಹೋದಾಗ, ಅವಳು ತಟ್ಟೆ ಇಡುವ ಮುಂಚೆಯೇ ಭಾವ ಎದ್ದು, ದೊಡ್ಡ ಚೊಂಬಿನಲ್ಲಿ ನೀರು ತಂದು ನನ್ನ ಮುಂದಿಟ್ಟು ಪಕ್ಕದಲ್ಲೇ ಕೂತರು.

"ನೀರ್ ಜಾಸ್ತಿ ಕುಡೀಬೇಕಂತಲ್ಲ. ಕುಡಿ."

ಬಾಯಾರಿರಲಿಲ್ಲ. ಚೊಂಬು ಪೂರ್ತಿ ಕುಡಿದೆ.