ಹಲ್ಲು ಕಟ್ಟಿಸಿಕೊಂಡು ಇಂಟರ್‌ವ್ಯೂಗೆ ಹೋದ ಶಂಕರಲಿಂಗ

ನಿಂಬರ್ಗಾದ ಶಂಕರಲಿಂಗ ಆಳಂದದ ಬೇಳೆ ಮಿಲ್ಲಿನ ಗೇಟಿನಲ್ಲಿ ನಿಂತು ಹತ್ತೊಂಬತ್ತು ವರ್ಷವಾಗಿತ್ತು. ನಿಂತು ಎಂದರೆ ನಿಂತೇ. ಗೇಟಿನಲ್ಲಿ ಖುರ್ಚಿ ಇರಲಿಲ್ಲ. ತೊಗರಿ ತುಂಬಿದ ಟ್ರ್ಯಾಕ್ಟರ್ ಬಂದರೆ ಮೇಲೆ ಹತ್ತಿ, ಚೀಲಕ್ಕೆ ಕೊಳವೆ ಚುಚ್ಚಿ ನಾಲ್ಕು ಕಾಳು ತೆಗೆದು, ಒಂದನ್ನು ಕಟಕ್ಕನೆ ಕಚ್ಚಿ "ಹನ್ನೊಂದು" ಎನ್ನುತ್ತಿದ್ದ. ಕಾಳಿನಲ್ಲಿ ನೂರಕ್ಕೆ ಹನ್ನೊಂದು ಪಾಲು ತೇವ ಇದೆ ಎಂದು ಅರ್ಥ. ಲ್ಯಾಬಿನ ಯಂತ್ರವೂ ಅದನ್ನೇ ಹೇಳುತ್ತಿತ್ತು, ಸ್ವಲ್ಪ ತಡವಾಗಿ. ಮೊದಲೆಲ್ಲ ಮುಂದಿನ ಎರಡು ಹಲ್ಲಿನಲ್ಲಿ ಕಚ್ಚುತ್ತಿದ್ದ. ತೊಗರಿಯೊಳಗಿನ ಕಲ್ಲಿಗೆ ಅವೆರಡೂ ಹೋದ ಮೇಲೆ ಎಡಗಡೆಯ ಕೋರೆಹಲ್ಲಿಗೆ ಆ ಕೆಲಸ ಬಂತು. ಇಷ್ಟು ವರ್ಷದಲ್ಲಿ ತನ್ನ ಮೈಯಲ್ಲಿ ಬಡ್ತಿ ಸಿಕ್ಕಿದ್ದು ಆ ಹಲ್ಲೊಂದಕ್ಕೇ ಎಂದು ಅವನೇ ನಗುತ್ತಿದ್ದ.

ಈ ಸಲ ಕ್ವಾಲಿಟಿ ಸೂಪರ್‌ವೈಸರ್ ಹುದ್ದೆ ಖಾಲಿಯಾಯಿತು. ಮಿಲ್ಲಿನೊಳಗಿನವರನ್ನೇ ಇಂಟರ್‌ವ್ಯೂ ಮಾಡಿ ತೆಗೆದುಕೊಳ್ಳುತ್ತಾರೆಂದು ನೋಟಿಸು ಹಚ್ಚಿದರು. ಸೂಪರ್‌ವೈಸರ್‌ಗೆ ಒಳಗೆ ಫ್ಯಾನಿನ ಕೆಳಗೆ ಖುರ್ಚಿ. ಮೊಣಕಾಲು ಸವೆದಿದ್ದ ಶಂಕರಲಿಂಗನಿಗೆ ಹುದ್ದೆಯ ಹೆಸರಿಗಿಂತ ಆ ಖುರ್ಚಿಯೇ ಕಣ್ಣಿಗೆ ಕಟ್ಟಿತು. ಅರ್ಜಿ ಹಾಕಿದವರು ಇಬ್ಬರೇ: ಅವನು ಮತ್ತು ಲ್ಯಾಬಿನ ಹುಡುಗಿ ಅಂಜುಮ. ಅವಳು ಬಂದು ಮೂರು ವರ್ಷವಾಗಿತ್ತು. ಪಾಪ, ಅನುಭವಕ್ಕೆಂದು ಅರ್ಜಿ ಹಾಕಿದ್ದಾಳೆ ಎಂದು ಅವನು ಉದಾರವಾಗಿ ಮರುಗಿದ.

"ಬೊಕ್ಕ ಬಾಯಿ ತಗೊಂಡು ಹೋಗ್ತೀರೇನು ಸಾಹೇಬ್ರ ಮುಂದ? ಹಲ್ಲರೆ ಕಟ್ಟಿಸ್ಕೋರಿ," ಎಂದಳು ಹೆಂಡತಿ ಶಿವಕಾಂತಾ. ಕಟ್ಟಿಸಿಕೊಂಡ. ಕನ್ನಡಿಯಲ್ಲಿ ನೋಡಿಕೊಂಡರೆ ಆಗಲೇ ಸೂಪರ್‌ವೈಸರ್ ಆದಂತೆ ಕಂಡ. ಹೊಸ ಹಲ್ಲಿನ ಕ್ಲಿಪ್ಪು ಆ ಕೋರೆಹಲ್ಲನ್ನೇ ಗಟ್ಟಿಯಾಗಿ ಅವುಚಿ ಹಿಡಿದಿತ್ತು. ಅದರ ಕಡೆಗೆ ಮಹಾಶಯನ ಲಕ್ಷ್ಯ ಹೋಗಲಿಲ್ಲ.

ಇಂಟರ್‌ವ್ಯೂಗೆ ಕೂತವರು ಮ್ಯಾನೇಜರ್ ಇಸ್ಮಾಯಿಲ ಮತ್ತು ಹೆಡ್ ಆಫೀಸಿನಿಂದ ಬಂದಿದ್ದ ಕಲ್ಯಾಣಕುಮಾರ.

"ಐದು ವರ್ಷ ಆದ ಮೇಲೆ ನೀವು ಎಲ್ಲಿರಬೇಕಂತ ಅನಸ್ತದ?" ಎಂದು ಕಲ್ಯಾಣಕುಮಾರ ಕೇಳಿದರು.

"ಇಲ್ಲೇರಿ, ಸರ್. ಒಳಗ," ಎಂದ ಶಂಕರಲಿಂಗ.

"ನಿಮ್ಮ ದೌರ್ಬಲ್ಯ ಯಾನದ?"

"ಮೊಣಕಾಲ್ರಿ."

ಇಸ್ಮಾಯಿಲ ಕೆಮ್ಮಿ ನಗು ನುಂಗಿದರು. ಅಂಜುಮಳನ್ನು ಕರೆಸಿ, ಯಂತ್ರವನ್ನೂ ತಟ್ಟೆಯಲ್ಲಿ ತೊಗರಿಯನ್ನೂ ತರಿಸಿದರು. "ಸರ್, ಇವರ ಹಲ್ಲು ನೋಡ್ರಿ, ಯಂತ್ರ ಇದ್ದಂಗ," ಎಂದು ಹೆಮ್ಮೆಯಿಂದ ಹೇಳಿದರು.

ಶಂಕರಲಿಂಗ ಗತ್ತಿನಿಂದ ಒಂದು ಕಾಳು ಕಚ್ಚಿದ. ಏನೂ ಗೊತ್ತಾಗಲಿಲ್ಲ. ಇನ್ನೊಂದು ಕಚ್ಚಿದ, ಹಲ್ಲಿನ ಸೆಟ್ಟು ಅಲುಗಾಡಿತೇ ಹೊರತು ಕಾಳು ಮಾತಾಡಲಿಲ್ಲ. ಬೆವರು ಕಿತ್ತುಕೊಂಡಿತು. ಸುಮ್ಮನೆ "ಹತ್ತು" ಎಂದುಬಿಟ್ಟ.

"ಹದಿನಾಕ್ ಅದರಿ," ಎಂದಳು ಅಂಜುಮ, ಯಂತ್ರ ನೋಡಿ, ಬಹಳ ಸಣ್ಣ ದನಿಯಲ್ಲಿ.

ಶಂಕರಲಿಂಗನಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆಮೇಲೆ ಮಾಡಿದ್ದನ್ನು ನೆನೆದರೆ ಅವನಿಗೆ ಈಗಲೂ ನಗು ಬರುತ್ತದೆ. ಬಾಯಿಗೆ ಕೈಹಾಕಿ ಸೆಟ್ಟನ್ನು ಕಿತ್ತು, ಕರವಸ್ತ್ರ ಮನೆಯಲ್ಲೇ ಉಳಿದಿದ್ದರಿಂದ ತನ್ನ ಅರ್ಜಿಯ ಮೇಲೇ ಇಟ್ಟ. ಕಾಳು ಕಚ್ಚಿ "ಹದಿನಾಕು!" ಎಂದು ಕೂಗಿದ.

"ಈಗ ನಾನೂ ಹೇಳ್ತೀನಿ ಅದನ್ನ," ಎಂದರು ಕಲ್ಯಾಣಕುಮಾರ.

"ಸರ್, ಬ್ಯಾರೆ ತೊಗರಿ ತರ್ತೀನಿ, ಇನ್ನೊಂದು ಸಲ ನೋಡ್ರಿ," ಎಂದವಳು ಅಂಜುಮ. ಎದುರಾಳಿಯಾಗಿ ನಿಂತವಳು. ಹೋಗಿ ಮೂರು ತಟ್ಟೆ ತಂದಳು. ಶಂಕರಲಿಂಗ ಕಣ್ಣು ಮುಚ್ಚಿ ಕಚ್ಚಿದ: ಹನ್ನೆರಡು, ಒಂಬತ್ತು, ಹನ್ನೊಂದೂವರೆ. ಮೂರೂ ಸರಿ. ಕಲ್ಯಾಣಕುಮಾರ ಎದ್ದು ನಿಂತು ಕೈ ಕುಲುಕಿದರು. ಹತ್ತೊಂಬತ್ತು ವರ್ಷದಲ್ಲಿ ಅವನಿಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಕುಳಿತ ಖುರ್ಚಿಯ ಕೈಗಳನ್ನು ಮೆಲ್ಲಗೆ ಸವರಿಯೂ ನೋಡಿದ.

ಸಂಜೆ ಇಸ್ಮಾಯಿಲ ಕರೆದು, ಹುದ್ದೆ ಅಂಜುಮಳಿಗೆ ಆಯಿತೆಂದು ತಿಳಿಸಿದರು. "ಸಾಹೇಬ್ರು ಭಾಳ ಖುಷ್ ಆಗ್ಯಾರ ನಿಮ್ಮ ಮ್ಯಾಲ. ಇಂಥವರನ್ನ ಗೇಟಿನಿಂದ ತೆಗೆದರ ಮಿಲ್ ಮುಳಗ್ತದ ಅಂದರು. ಗೇಟಿಗೆ ಒಂದು ಖುರ್ಚಿ ಹಾಕ್ಸು ಅಂತನೂ ಹೇಳ್ಯಾರ."

ಅಂಜುಮಳ ಮೇಲೆ ಸಿಟ್ಟು ಮಾಡಿಕೊಳ್ಳಲು ಶಂಕರಲಿಂಗ ಎರಡು ದಿನ ಪ್ರಯತ್ನಪಟ್ಟ. ಆಗಲಿಲ್ಲ. ಮೂರು ಸಲ ಸರಿಯಾಗಿ ಕಾಳು ಕಚ್ಚಿ, ತನ್ನನ್ನು ತಾನೇ ಗೇಟಿಗೆ ಮೊಳೆ ಹೊಡೆದು ನಿಲ್ಲಿಸಿಕೊಂಡಿದ್ದ.

ಮೂರನೆಯ ದಿನ ಗೇಟಿಗೆ ನೀಲಿ ಪ್ಲಾಸ್ಟಿಕ್ ಖುರ್ಚಿ ಬಂತು. ಟ್ರ್ಯಾಕ್ಟರ್ ಹತ್ತಿ ಇಳಿಯುವವನಿಗೆ ಕೂರಲು ಪುರಸತ್ತೆಲ್ಲಿ? ಹಲ್ಲಿನ ಸೆಟ್ಟಿನ ಡಬ್ಬಿಯನ್ನು ಅದರ ಮೇಲಿಟ್ಟು ಅವನು ಕಿಣ್ಣಿ ಸುಲ್ತಾನ ಊರಿನ ರೈತ ಮಹಾದೇವಪ್ಪನ ಟ್ರ್ಯಾಕ್ಟರ್ ಏರಿದ.

"ಇಂಟರ್‌ವ್ಯೂ ಯಾನಾತು ಕಾಕಾ?" ಎಂದು ಮಹಾದೇವಪ್ಪ ಕೇಳಿದ.

ಶಂಕರಲಿಂಗ ಕಾಳು ಕಚ್ಚಿ, ಉಗುಳಿ, ಬೊಕ್ಕ ಬಾಯಿ ತುಂಬ ನಕ್ಕ. "ಪಾಸಾದ್ನೆಪ್ಪಾ. ಅದಕ್ಕೇ ಇಲ್ಲೇ ಇಟ್ಟಾರ."