ಗೋಡೆಯ ಮೇಲೆ ಬರೆದಿಟ್ಟ ದೂರಿನ ನಂಬರುಗಳು

ಕಾಳಗಿ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ, ಸೇಡಂನ ಮನೆಗೆ ಮಾತಾಡಲೆಂದು ಕಾಯಿನ್ ಫೋನಿನ ರಿಸೀವರ್ ಎತ್ತಿದೆ. ಸದ್ದೇ ಇರಲಿಲ್ಲ. ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಫೋನ್ ಕೆಟ್ಟಿದೆಯೆಂದು ಕೊಟ್ಟ ದೂರುಗಳ ಏಳೆಂಟು ನಂಬರುಗಳನ್ನು ಒಂದರ ಕೆಳಗೊಂದು ಬರೆದಿದ್ದರು. ಮೂರನೆಯದು ನನ್ನ ಎಂ.ಎ. ಪರೀಕ್ಷೆಯ ರಿಜಿಸ್ಟರ್ ನಂಬರ್.

ಆಗ ನಾನು ಹೈದರಾಬಾದಿನಲ್ಲಿ, ಆ ಫೋನಿನ ಕಂಪನಿಯದೇ ಕಾಲ್ ಸೆಂಟರಿನಲ್ಲಿ ಕನ್ನಡದ ಕರೆಗಳಿಗೆ ಉತ್ತರಿಸುತ್ತಿದ್ದೆ. ದೂರು ದಾಖಲಿಸುವ ಕಂಪ್ಯೂಟರ್ ವಾರಗಟ್ಟಲೆ ಕೆಟ್ಟಿರುತ್ತಿತ್ತು. ಯಾವುದಾದರೂ ನಂಬರ್ ಕೊಟ್ಟು ಕರೆ ಮುಗಿಸಿ ಎಂದು ಮೇಲ್ವಿಚಾರಕರು ಹೇಳಿದ್ದರು. ನನ್ನ ಬಾಯಿಗೆ ತಡವರಿಸದೆ ಬರುತ್ತಿದ್ದದ್ದು ಆ ರಿಜಿಸ್ಟರ್ ನಂಬರೊಂದೇ.

"ಎರಡ್ ತಿಂಗಳಾತು ತಂಗಿ, ಬಂದ್ ಬಿದ್ದದ," ಎಂದರು ಅಂಗಡಿಯ ಹೆಂಗಸು. "ಫೋನಿಗಂತ ಬಂದ ಮಂದಿ ಒಂದ್ ಬಿಸ್ಕಿಟ್ ಪುಡಾನರ ಒಯ್ತಿದ್ರು. ಈಗ ಈ ಕಡಿ ಯಾರೂ ಹಾಯವಲ್ರು, ಅಂಗಡಿ ಮುಚ್ಚೂ ಹಂಗ ಆಗ್ಯಾದ. ನಮ್ಮ ಮನಿಯವ್ರು ಹಬ್ಬಕ್ಕ ಸುಣ್ಣಾ ಬಳೀತೀನಿ ಅಂದ್ರು, ಆ ಗ್ವಾಡಿ ಮಾತ್ರ ಮುಟ್ಟಬ್ಯಾಡ್ರಿ ಅಂದೀನಿ. ನೀ ಓದಿದಾಕಿ ಕಾಣ್ತಿ. ಇದ್ರಾಗ ಯಾವ್ ನಂಬರ್ ಹೇಳಿದ್ರ ಕೆಲಸ ಆಗ್ತದ, ಚೂರು ನೋಡಿ ಹೇಳು."

ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಬಿಟ್ಟೆ.

ಸೋಮವಾರ ಕೆಲಸಕ್ಕೆ ಮರಳಿದಾಗಲೂ ಕಂಪ್ಯೂಟರ್ ಕೆಟ್ಟೇ ಇತ್ತು. ಮೊದಲ ಕರೆ ಚಿಂಚೋಳಿ ಕಡೆಯ ಮುದುಕರೊಬ್ಬರದು. "ತಡೀರಿ ಅವ್ವಾ, ಬರಕೊಳ್ಳಾಕ ಪೆನ್ ತರ್ತೀನಿ," ಎಂದು ಹೋದರು. ಅವರು ಬರುವವರೆಗೂ ಕಾದೆ. ಬಂದ ಮೇಲೆ ಅದೇ ರಿಜಿಸ್ಟರ್ ನಂಬರಿನ ಒಂದೊಂದೇ ಅಂಕಿಯನ್ನು ನಿಧಾನವಾಗಿ, ಸ್ಪಷ್ಟವಾಗಿ ಹೇಳಿದೆ.