ಪರೀಕ್ಷಕಿಯವರು ಸಮ್ಮತಿಸಿರುತ್ತಾರೆ

ಅಥವಾ ನಾನು ಕೇಳಲೇ ಇಲ್ಲವೇನೋ. ಕೇಳಿದ ನೆನಪೇನೋ ಇದೆ. ನಮ್ಮೂರ ಡೈರಿಯ ಜಗಲಿಯ ಮೇಲೆ ಅಕ್ಕ ಕೂತು ಬಾಟಲಿಗಳನ್ನು ಬಿಸಿನೀರಿಗೆ ಅದ್ದಿ ತೆಗೆಯುತ್ತಿದ್ದಾರೆ. ನಾನು ನಿಂತುಕೊಂಡೇ, "ಅಕ್ಕಾ, ಎರಡೂರಿನ ಡೈರಿ ಒಂದ್ಮಾಡ್ತಾರಂತೆ, ನಿಮ್ಗೇನೂ ಬೇಜಾರಿಲ್ವಾ?" ಅನ್ನುತ್ತೇನೆ. ಅವರು ತಲೆಯೆತ್ತದೆ, "ಮಾಡ್ಲಿ ಬಿಡಪ್ಪ, ನಂದೇನೈತೆ" ಅನ್ನುತ್ತಾರೆ. ಬಾಟಲಿಯಿಂದ ಏಳುವ ಹಬೆ ಕೂಡ ಕಾಣುತ್ತದೆ. ಆದರೆ ಅವರ ಬೆನ್ನ ಹಿಂದೆ ಹಾಲಿನ ಗುಣ ಅಳೆಯುವ ಯಂತ್ರವಿದೆ, ಅದರ ಕೆಂಪು ಅಂಕಿಗಳು ಮಿನುಗುತ್ತಿವೆ. ಆ ಯಂತ್ರ ಬಂದದ್ದು ಡೈರಿಗಳನ್ನು ಸೇರಿಸುವ ಪ್ರಸ್ತಾವನೆಯನ್ನು ನಾನು ಬರೆದುಕೊಟ್ಟು ತಿಂಗಳುಗಳಾದ ಮೇಲೆ. ಬಂದದ್ದೂ ನಮ್ಮೂರಿಗಲ್ಲ, ಪಕ್ಕದೂರಿಗೆ. ನಮ್ಮೂರ ಜಗಲಿ ಆ ಯಂತ್ರವನ್ನು ಯಾವತ್ತೂ ಕಂಡಿಲ್ಲ.

ಅಕ್ಕ ನನಗೆ ರಕ್ತಸಂಬಂಧಿಯಲ್ಲ. ಊರಿಗೆಲ್ಲ ಅಕ್ಕ. ಮಧುರೆ ಹೋಬಳಿಯ ನಮ್ಮೂರ ಹಾಲಿನ ಸಂಘದಲ್ಲಿ ಬಹಳ ವರ್ಷ ಹಾಲು ಪರೀಕ್ಷೆ ಮಾಡಿದವರು. ನಾನು ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದೇನೆ. ಯಾವ ವಿಭಾಗವನ್ನು ಯಾವುದರ ಜೊತೆ ಸೇರಿಸಬೇಕು, ಏಕೆ ಸೇರಿಸಬೇಕು ಎಂದು ಕಾರಣ ಕಟ್ಟಿ ಫೈಲು ಮಾಡುವುದು ನನ್ನ ಕೆಲಸ. ಕಟ್ಟುವುದು ಎಂದು ಬೇಕೆಂದೇ ಬರೆಯುತ್ತಿದ್ದೇನೆ. ತೀರ್ಮಾನ ಮೊದಲೇ ಆಗಿರುತ್ತದೆ, ಕಾರಣ ಆಮೇಲೆ ಬರುತ್ತದೆ.

ಸಂಘದ ಅಧ್ಯಕ್ಷ ನನಗಿಂತ ಎರಡು ಕ್ಲಾಸು ಮುಂದಿದ್ದವನು. ಒಂದು ಬೆಳಿಗ್ಗೆ ಮನೆಗೇ ಬಂದ.

"ಗುರು, ಕಂಪ್ನೀಲಿ ಬರೀತೀಯಲ್ಲ, ಅಂಥದ್ದೊಂದು ನಮ್ಗೂ ಬರ್ಕೊಡು. ಸ್ಪೈರಲ್ ಬೈಂಡ್ ಹಾಕ್ಸು. ಮೇಲ್ನೋರು ದಪ್ಪ ನೋಡ್ತಾರೆ, ಒಳ್ಗೇನೈತೆ ಅಂತ ಯಾರು ನೋಡ್ತಾರೆ."

"ಏನೇನಿರ್ಬೇಕು ಅದ್ರಲ್ಲಿ?"

"ನನ್ನೇ ಕೇಳ್ತೀಯಲ್ಲ! ನೀನಲ್ವಾ ಓದಿರೋನು?"

ನಕ್ಕು, ಕಾಫಿಯ ಮೇಲೆ ಕಟ್ಟಿದ್ದ ಕೆನೆಯನ್ನು ಬೆರಳಲ್ಲಿ ಎತ್ತಿ ನಮ್ಮ ಗೋಡೆಗೆ ಒರೆಸಿದ. ಆ ಬೆರಳು ನನಗೆ ಈಗಲೂ ಹೇಸಿಗೆ. ಆದರೂ ಆಗಲಿ ಅಂದೆ.

ಬದಲಾವಣೆಯೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಕಾರ್ಖಾನೆಗಳಿಗೆ ಜಮೀನು ಹೋದ ಹಾಗೆ ಹಸುಗಳೂ ಹೋಗಿದ್ದವು. ನಮ್ಮೂರ ಹಾಲಿಗೆ ಒಂದು ಕ್ಯಾನ್ ತುಂಬುವುದೂ ಕೆಲವು ದಿನ ಕಷ್ಟವಾಗಿತ್ತು. ಪಕ್ಕದೂರಿನಲ್ಲಿ ಹಾಲು ತಣಿಸುವ ದೊಡ್ಡ ತೊಟ್ಟಿ ಇತ್ತು. ಇದನ್ನೆಲ್ಲ ಮೊದಲ ಪುಟದಲ್ಲಿ ಬರೆದೆ, ನಿಜವನ್ನೇ ಬರೆದೆ. ಕೊಳಕು ಶುರುವಾಗುವುದು ಎರಡನೆಯ ಪುಟದಿಂದ. ಅಲ್ಲಿ ಮೂರು ದಾರಿಗಳನ್ನು ತೋರಿಸಬೇಕು. 'ಇದ್ದ ಹಾಗೇ ಇರುವುದು' ಮೊದಲನೆಯದು, ಅದನ್ನು ಓದಿದವನಿಗೆ ನಾಳೆಯೇ ಡೈರಿ ಮುಚ್ಚುತ್ತದೆ ಅನ್ನಿಸಬೇಕು. ಎರಡನೆಯದು ಯಾರಿಗೂ ಬೇಡದ ದಾರಿ, ಲೆಕ್ಕಕ್ಕೆ ಮಾತ್ರ. ಮೂರನೆಯದು ನಮಗೆ ಬೇಕಾದದ್ದು, ಅದಕ್ಕೆ ಒಳ್ಳೆಯ ಬಟ್ಟೆ ತೊಡಿಸಬೇಕು. ಆಮೇಲೆ ಖರ್ಚು, ಲಾಭ, ಯಾವ ತಿಂಗಳಲ್ಲಿ ಏನು, ಅಪಾಯಗಳೇನು. ಅಪಾಯದ ಚೌಕದಲ್ಲಿ 'ಕಡಿಮೆ' ಎಂದು ಬರೆದೆ.

ಬರೆಯುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ನನ್ನ ಹೆಂಡತಿ ತಂದ ಹಾಲನ್ನೇ ಅಕ್ಕ ಒಮ್ಮೆ ಪಕ್ಕಕ್ಕಿಡಿಸಿದ್ದರು. ಅವರ ರೀತಿಯೇ ಹಾಗೆ. ಪ್ರತಿ ಮನೆಯ ಹಾಲನ್ನೂ ಮೂಸುತ್ತಿದ್ದರು, ಅನುಮಾನ ಬಂದರೆ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನಾಲಿಗೆ ತಾಗಿಸುತ್ತಿದ್ದರು. ಕೆಟ್ಟಿದ್ದರೆ ಸಾಲಿನಲ್ಲಿದ್ದವರ ಮುಂದೆ ಬಾಯಿ ಬಿಡುತ್ತಿರಲಿಲ್ಲ. "ನಿಂದು ಆಮೇಲ್ ನೋಡ್ತೀನಿ, ಅತ್ಲಾಗಿಡು" ಅಷ್ಟೆ. ಎಲ್ಲರೂ ಹೋದ ಮೇಲೆ ನನ್ನ ಹೆಂಡತಿಗೆ, "ಉಪ್ಪುಪ್ಪಾಗೈತೆ ಕಣವ್ವ, ಕೆಚ್ಲು ಬಾವು ಬಂದೈತೆ. ಇವತ್ತೇ ಡಾಕ್ಟ್ರಿಗೆ ತೋರ್ಸು" ಅಂದರು. ಹಸುವಿನ ಕೆಚ್ಚಲು ಊದುವ ಮೊದಲೇ ಅವರ ನಾಲಿಗೆಗೆ ಗೊತ್ತಾಗಿತ್ತು. ಬೀದಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಇದನ್ನು ಯಾವ ಚೌಕದಲ್ಲಿ ಬರೆಯಲಿ? ಇದಕ್ಕೆ ಅಂಕಿ ಇರಲಿಲ್ಲ. ಬಿಟ್ಟೆ. ಅಧ್ಯಕ್ಷ ಬಿಡು ಅನ್ನಲಿಲ್ಲ, ಯಾರೂ ಅನ್ನಲಿಲ್ಲ. ನಾನೇ ಬಿಟ್ಟೆ.

ಕೊನೆಯ ಪುಟ, ಬದಲಾವಣೆಯಿಂದ ತೊಂದರೆಗೆ ಒಳಗಾಗುವವರ ಅಭಿಪ್ರಾಯ. ಇದು ಖಾಲಿಯಿದ್ದರೆ ಫೈಲು ವಾಪಸ್ ಬರುತ್ತದೆ. ತೊಂದರೆಗೆ ಒಳಗಾಗುವವರು ಒಬ್ಬರೇ, ಅಕ್ಕ. "ಪರೀಕ್ಷಕಿಯವರೊಂದಿಗೆ ಚರ್ಚಿಸಲಾಗಿದ್ದು, ಅವರು ಸಮ್ಮತಿಸಿರುತ್ತಾರೆ. ಅವರನ್ನು ಸೂಕ್ತ ಕೆಲಸಕ್ಕೆ ಮರುನಿಯೋಜಿಸಲಾಗುವುದು." ಈ ಕನ್ನಡ ಯಾರ ಮನೆಯ ಕನ್ನಡ? ಇದರಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ, ಕೇಳಲಾಗಿರುತ್ತದೆ. ಬಚ್ಚಲ ಕೊಳವೆಯಲ್ಲಿ ಸಿಕ್ಕಿಕೊಂಡ ಕೂದಲ ಉಂಡೆಯ ಹಾಗಿದೆ, ಎಳೆದಷ್ಟೂ ಬರುತ್ತದೆ.

ಆ ಪುಟ ಬರೆದದ್ದು ಒಂದು ಭಾನುವಾರ ಸಂಜೆ, ಕಂಪ್ಯೂಟರ್ ಹೇಳುತ್ತದೆ. ಆ ದಿನ ಆಫೀಸಿನವರ ಜೊತೆ ಮಾಕಳಿದುರ್ಗದ ಬೆಟ್ಟ ಹತ್ತಿ ಇಳಿದಿದ್ದೆ, ಫೋನಿನಲ್ಲಿ ಫೋಟೋಗಳಿವೆ. ಹಾಗಾದರೆ ಆ ದಿನ ಕೇಳಿಲ್ಲ. ಹಿಂದಿನ ದಿನ ಕೇಳಿರಬಹುದು. ಫೋಟೋ ಇಲ್ಲ.

ಸಂಘದ ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. ಅಕ್ಕ ನೌಕರಿಯವರು, ಸದಸ್ಯರಲ್ಲ, ಹಾಗಾಗಿ ಎತ್ತುವ ಕೈ ಅವರಿಗಿರಲಿಲ್ಲ. ಹೊರಗೆ ಎಲ್ಲರಿಗೂ ಟೀ ಸೋಸುತ್ತಿದ್ದರು. ಆಮೇಲೆ ಪ್ರಸ್ತಾವನೆಯ ಒಂದು ಪ್ರತಿಯನ್ನು ಪಕ್ಕದೂರ ಡೈರಿಯ ಬೋರ್ಡಿಗೆ ತೂಗುಹಾಕಿದರು.

ಬದಲಾವಣೆಯಾದ ಮೇಲೆ ಅದು ಫಲ ಕೊಟ್ಟಿದೆಯೇ ಎಂದು ನೋಡಿ ಒಂದು ಪುಟ ಬರೆಯಬೇಕೆಂದು ಪ್ರಸ್ತಾವನೆಯಲ್ಲಿ ನಾನೇ ಸೇರಿಸಿದ್ದೆ. ಅದಕ್ಕೇ ಒಂದು ಬೆಳಿಗ್ಗೆ ಪೆನ್ನು ಹಿಡಿದು ಪಕ್ಕದೂರ ಡೈರಿಗೆ ಹೋದೆ. ಎರಡೂರಿನವರು ಸಾಲಾಗಿ ನಿಂತಿದ್ದರು. ಅಕ್ಕ ಹಿಂದೆ ನಲ್ಲಿಯ ಹತ್ತಿರ ಕ್ಯಾನ್ ತೊಳೆಯುತ್ತಿದ್ದರು. ಸೂಕ್ತ ಕೆಲಸ ಅಂದರೆ ಅದು.

ನಮ್ಮ ಬೀದಿಯ ಕೊನೆಮನೆಯ ಹೆಂಗಸು ಹಾಲು ಕೊಟ್ಟಳು. ಯಂತ್ರದ ಕೆಂಪು ಅಂಕಿ ಕೆಳಗಿಳಿದು ನಿಂತಿತು. ಯಂತ್ರದ ಪಕ್ಕ ನಿಂತಿದ್ದ ನಮ್ಮ ಅಧ್ಯಕ್ಷ ಎಲ್ಲರಿಗೂ ಕೇಳುವ ಹಾಗೆ, "ಏನಮ್ಮಾ, ಬೋರ್‌ವೆಲ್ ಜೋರಾಗೈತಾ?" ಅಂದ.

ಸಾಲು ನಕ್ಕಿತು. ಪಕ್ಕದೂರಿನವನೊಬ್ಬ, "ಅವ್ರೂರ್ ಹಸ ಮೇಯಲ್ಲ ಬಿಡಣ್ಣ, ಬರೀ ಕುಡಿಯೋದೇಯ" ಅಂದ.

"ನನ್ ಮಕ್ಳಾಣೆ ನೀರ್ ಹಾಕಿಲ್ಲ ಕಣಣ್ಣಾ."

ಅಕ್ಕ ಕೈ ಒರೆಸಿಕೊಳ್ಳುತ್ತ ಬಂದರು. ಬಗ್ಗಿ ಕ್ಯಾನ್ ಮೂಸಿ, ಒಂದು ಹನಿಗಾಗಿ ಕೈ ಚಾಚಿದರು.

"ಅಕ್ಕಾ, ಕೈ ಹಾಕ್ಬೇಡ. ಮಿಷಿನ್ ಹೇಳೈತಲ್ಲ" ಅಂದ ಅಧ್ಯಕ್ಷ.

"ನೀರಲ್ಲ ಕಣಪ್ಪ ಇದು, ಕೆಚ್ಲು..."

"ಹೋಗಕ್ಕಾ, ಅಲ್ಲಿ ಕ್ಯಾನ್ ಕಾಯ್ತಾವೆ."

ಹೆಂಗಸು ಯಾರ ಮುಖವನ್ನೂ ನೋಡದೆ ಕ್ಯಾನ್ ಎತ್ತಿ ಚರಂಡಿಗೆ ಸುರಿದಳು. ಹಾಲಿನ ಜೊತೆ ಹಳದಿ ಚೂರುಗಳು ಬಿದ್ದವು, ಕೀವಿನ ಹಾಗೆ. ನೀರು ಹಾಕಿದ ಹಾಲಿನಲ್ಲಿ ಹಾಗೆ ಚೂರುಗಳಿರುವುದಿಲ್ಲ. ನಾನು ಕಂಡೆ. ಹತ್ತಿರ ನಿಂತವರೂ ಕಂಡಿರಬೇಕು. ಹುಳಿಯೂ ಅಲ್ಲದ, ಕೊಳೆತದ್ದೂ ಅಲ್ಲದ ಒಂದು ಬೆಚ್ಚನೆಯ ವಾಸನೆ ಗಂಟಲಿಗೇ ಬಂತು. ನನ್ನ ಹಾಳೆಯಲ್ಲಿ ಆ ದಿನದ ಸಾಲು ಹೀಗಿದೆ: ಗುಣಮಟ್ಟ ನಿಯಂತ್ರಣ ಪರಿಣಾಮಕಾರಿಯಾಗಿದೆ. ಅಕ್ಷರ ದುಂಡಗಿದೆ.

ಸಾಲು ಕರಗಿದ ಮೇಲೆ ಅಕ್ಕ ನನ್ನ ಹತ್ತಿರ ಬಂದರು.

"ಬೋರ್ಡಲ್ಲಿ ಹಾಕವ್ರಲ್ಲಪ್ಪ, ನಾನು ಒಪ್ಕಂಡಿವ್ನಿ ಅಂತ. ಯಾವತ್ತು ಕೇಳ್ದೆ ನನ್ನ?"

ಜಗಳದ ದನಿಯಲ್ಲ. ನಿಜವಾಗಿಯೂ ಯಾವ ದಿನ ಎಂದು ಕೇಳುತ್ತಿದ್ದರು.

"ಅವತ್ತು, ನಮ್ಮೂರ್ ಜಗ್ಲಿ ಮೇಲೆ ಕೂತಿದ್ರಲ್ಲಕ್ಕಾ. ಬಾಟ್ಲಿ ತೊಳೀತಿದ್ರಿ, ಬಿಸ್ನೀರಲ್ಲಿ. ಮಾಡ್ಲಿ ಬಿಡು ಅಂದ್ರಿ."

ಅಷ್ಟೂ ಒಂದೇ ಉಸಿರಿನಲ್ಲಿ ಬಂತು. ಹೇಳುವಾಗ ಅವರ ಬೆನ್ನ ಹಿಂದೆ ಯಂತ್ರದ ಕೆಂಪು ಅಂಕಿಗಳು ಮಿನುಗುತ್ತಿದ್ದವು. ಜಗಲಿ, ಬಾಟಲಿ, ಹಬೆ ಎಲ್ಲ ಆ ಗಳಿಗೆಯಲ್ಲಿ, ಅವರ ಮುಖ ನೋಡುತ್ತ, ನಾನು ಮಾಡಿಕೊಂಡದ್ದಿರಬಹುದು. ಅಥವಾ ನಿಜವಾಗಿ ನಡೆದದ್ದರ ಮೇಲೆ ಆ ಅಂಕಿಗಳು ಅಂಟಿಕೊಂಡಿರಬಹುದು. ಎರಡನೆಯದಾಗಿರಲಿ ಎಂದು ಎಷ್ಟು ಬಯಸುತ್ತೇನೆಂದರೆ, ಆ ಬಯಕೆಯ ಕಾರಣಕ್ಕೇ ಅದನ್ನು ನಂಬಲಾರೆ.

"ಇರ್ಬೋದು ಬಿಡು" ಅಂದು ಅಕ್ಕ ನಲ್ಲಿಯ ಕಡೆ ಹೋದರು. ಮುಂದಿನ ತಿಂಗಳು ಕೆಲಸ ಬಿಟ್ಟರು. ಬೀದಿಯಲ್ಲಿ ಸಿಕ್ಕರೆ, "ಏನಪ್ಪಾ, ಚೆನ್ನಾಗಿದೀಯಾ?" ಅನ್ನುತ್ತಾರೆ, ಅದಕ್ಕಿಂತ ಹೆಚ್ಚಿಲ್ಲ. ಅವರಿಗೂ ನೆನಪಿರಲಿಲ್ಲವೋ, ಸುಳ್ಳೆಂದು ಗೊತ್ತಿದ್ದೂ ಸುಮ್ಮನಾದರೋ, ನನಗೆ ಗೊತ್ತಿಲ್ಲ. ಕೇಳಿಲ್ಲ.